ಮೀನಿನ ಮೇವಿಗೆ ಬೆಳ್ಳುಳ್ಳಿ ಹಾಕುವ ಮೊದಲು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪೀಣ್ಯ ಕಡೆಯವರು ಎರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ವೈಟ್‌ಫೀಲ್ಡ್ ಕಡೆಯವರು ಮನೆಕೆಲಸ ಮುಗಿಸಿ ಹಾಗೇ ಓಡಿ ಬಂದಿದ್ದೀರಿ. ವಾರಕ್ಕೆ ಸಿಗುವ ಒಂದು ಭಾನುವಾರವನ್ನು ನಮಗೆ ಕೊಟ್ಟಿದ್ದೀರಿ, ಅದಕ್ಕೆ ಪೀಠಿಕೆ ಹಾಕಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ಕಳೆದ ತಿಂಗಳು ಆನೇಕಲ್, ಹೊಸಕೋಟೆ, ನೆಲಮಂಗಲ ಕಡೆಯ ಕೆಲವು ಸಂಘಗಳು ಮೀನು ಸಾಕಣೆಗೆ ಸಾಲ ಬೇಕು ಅಂತ ಠರಾವು ಮಾಡಿ ಕಳಿಸಿದ್ದೀರಿ. ಕೆಲವರಿಗೆ ಜಮೀನಿನಲ್ಲಿ ಕೃಷಿ ಹೊಂಡ ಇದೆ. ಕೆಲವರಿಗೆ ಲೇಔಟ್‌ಗೆ ಹೋಗಿ ಉಳಿದ ಮೂಲೆಯಲ್ಲಿ ಹಳೆಯ ಕುಂಟೆ ಇದೆ. ಇನ್ನು ಕೆಲವರು ಹಿತ್ತಲಲ್ಲೇ ಸಿಮೆಂಟ್ ತೊಟ್ಟಿ ಕಟ್ಟಿಸೋಣ ಅಂತಿದ್ದೀರಿ. ಹೆಚ್ಚು ಕಡಿಮೆ ಎಲ್ಲರ ಅರ್ಜಿಯ ಕೊನೆಯಲ್ಲೂ ಒಂದು ಸಾಲು ಇದೆ: ‘ಮೀನಿನ ಗಿಡಮೂಲಿಕೆ ಔಷಧಿಗೆ ಇಷ್ಟು ರೂಪಾಯಿ’. ಒಬ್ಬ ಅಕ್ಕ ಫೋನ್ ಮಾಡಿ ಕೇಳಿದರು: ‘ಸಿಸ್ಟರ್, ಮೇವಿಗೆ ಸೊಪ್ಪಿನ ಸಾರ ಹಾಕಿದ್ರೆ ಮೀನು ಬೇಗ ದಪ್ಪ ಆಗುತ್ತಂತೆ, ರೋಗಾನೇ ಬರಲ್ವಂತೆ. ತಗೊಳ್ಳೋಣ್ವಾ?’

ಅದಕ್ಕೆ ಉತ್ತರ ಕೊಡುವುದೇ ಈ ದಿನದ ಕೆಲಸ. ನಾವು ಓದಿದ್ದು ಸಮಾಜ ಕಾರ್ಯ. ಮೀನಿನ ವಿಜ್ಞಾನಿಗಳಲ್ಲ. ಆದರೆ ಈ ವಿಷಯ ಕಲಿಯಲೇಬೇಕಾದ ಒಂದು ಕಾರಣ ನಮಗೆ ಬಂತು. ಅದನ್ನು ಮೊದಲು ಹೇಳಿಬಿಡುತ್ತೇವೆ, ಯಾಕೆಂದರೆ ಅದರಲ್ಲಿ ನಮ್ಮದೇ ತಪ್ಪಿದೆ.

2019ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಆಚೆ ಇರುವ ಒಂದು ಹಳ್ಳಿಯ ಸಂಘ. ಹನ್ನೆರಡು ಜನ ಹೆಣ್ಣುಮಕ್ಕಳು. ನಾಲ್ಕು ಜನ ಕಂಪನಿಗಳಲ್ಲಿ ಹೌಸ್‌ಕೀಪಿಂಗ್, ಇಬ್ಬರು ಗಾರ್ಮೆಂಟ್ಸ್, ಉಳಿದವರು ಕೂಲಿ. ಒಬ್ಬರ ಮನೆಯವರ ಹೆಸರಲ್ಲಿ ಅರ್ಧ ಎಕರೆ ಕುಂಟೆ ಇತ್ತು. ಸಂಘದ ಮೇಲೆ ಬ್ಯಾಂಕ್ ಸಾಲ ತೆಗೆದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿ ಬಿಟ್ಟರು. ಸಾಲದ ಅರ್ಜಿಗೆ ಶಿಫಾರಸು ಸಹಿ ಹಾಕಿದ್ದು ನಾವು. ದೀಪಾವಳಿ ಹೊತ್ತಿಗೆ ಮೀನು ಅಂಗೈ ಉದ್ದ ಆಗಿದ್ದವು. ನೋಡೋಕೆ ಖುಷಿ ಆಗೋದು. ಡಿಸೆಂಬರ್ ಚಳಿ ಶುರುವಾದ ಮೇಲೆ ಮೀನಿನ ಮೈಮೇಲೆ ಕೆಂಪು ಚುಕ್ಕೆ ಬಂತು. ಆಮೇಲೆ ಹುಣ್ಣು.

ಅದೇ ವಾರ ಸ್ಕೂಟರಿನಲ್ಲಿ ಒಬ್ಬ ಮಾರಾಟದವನು ಬಂದ. ಬಾಟಲಿಯ ಮೇಲೆ ತುಳಸಿ, ಬೇವು, ಅರಿಶಿನದ ಚಿತ್ರ. ‘ನೂರಕ್ಕೆ ನೂರು ಗಿಡಮೂಲಿಕೆ ಅಕ್ಕಾ, ಸೈಡ್ ಎಫೆಕ್ಟ್ ಇಲ್ಲ’ ಅಂದ. ಬಾಟಲಿಯ ಒಳಗೆ ಯಾವ ಗಿಡದ ಸಾರ ಎಷ್ಟಿದೆ ಅಂತ ಒಂದಕ್ಷರವೂ ಬರೆದಿರಲಿಲ್ಲ. ಉಳಿತಾಯದ ಹಣದಲ್ಲಿ ಒಂದು ಡಬ್ಬ ಬಾಟಲಿ ತಗೊಂಡರು. ಹದಿನೈದು ದಿನದ ಮೇಲೆ ಇನ್ನೊಂದು ಡಬ್ಬ. ನಮ್ಮನ್ನು ಕೇಳಿದಾಗ ‘ಗಿಡಮೂಲಿಕೆ ತಾನೆ, ಕೆಟ್ಟದ್ದೇನೂ ಆಗಲ್ಲ’ ಅಂದಿದ್ದೂ ನಾವೇ. ಜನವರಿಯಲ್ಲಿ ಬೆಳಗಿನ ಹೊತ್ತು ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ದಿನ ಎದ್ದು ಹೋಗಿ ನೋಡಿದರೆ ಕುಂಟೆ ತುಂಬ ಬಿಳಿ ಹೊಟ್ಟೆ.

ಆಗ ನಾವು ಕುಂಟೆಯ ಸುತ್ತ ನಡೆದು ನೋಡಿದೆವು. ಹಿಂದಿನ ಬದುವಿನಲ್ಲಿ, ಲಂಟಾನ ಪೊದೆಯ ಕೆಳಗೆ, ಪಕ್ಕದ ಹೊಸ ಮನೆಗಳಿಂದ ಬಂದ ಒಂದು ಪ್ಲಾಸ್ಟಿಕ್ ಪೈಪು. ಸೋಪಿನ ನೀರು, ಬಚ್ಚಲ ನೀರು, ಎಲ್ಲ ಕುಂಟೆಗೆ. ಮೇವಿಗೆ ಏನು ಬೆರೆಸಿದ್ದರೂ ಆ ಮೀನು ಉಳಿಯುತ್ತಿರಲಿಲ್ಲ. ಸಾಲ ಮಾತ್ರ ಉಳಿಯಿತು. ಎರಡು ತಿಂಗಳಿಗೆ ಲಾಕ್‌ಡೌನ್ ಬಂತು, ಹೌಸ್‌ಕೀಪಿಂಗ್ ಕೆಲಸ ನಿಂತಿತು. ಆ ಹನ್ನೆರಡು ಜನ ಒಂದು ಕಂತೂ ಬಿಡದೆ ಸಾಲ ತೀರಿಸಿದರು. ಒಬ್ಬರು ಮಗಳಿಗೆ ಅಂತ ಎತ್ತಿಟ್ಟಿದ್ದ ಓಲೆ ಮಾರಿದರು. ಅವರಲ್ಲಿ ಮೂರು ಜನ ಇಲ್ಲೇ ಕೂತಿದ್ದಾರೆ. ಇದನ್ನು ಹೇಳಬಹುದಾ ಅಂತ ಅವರನ್ನು ಕೇಳಿಯೇ ಹೇಳುತ್ತಿದ್ದೇವೆ.

ಹಾಗಾದರೆ ಮೀನಿನ ಮೇವಿಗೆ ಗಿಡಮೂಲಿಕೆ ಹಾಕುವುದೇ ಸುಳ್ಳಾ? ಅಲ್ಲ. ಅದರಲ್ಲಿ ನಿಜ ಇದೆ, ಗಟ್ಟಿ ನಿಜ ಇದೆ. ಆ ನಿಜ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿಲ್ಲದೆ ನಾವು ಏಟು ತಿಂದೆವು.

ಒಂದು ಮಾತು ಕೇಳುತ್ತೇವೆ. ಬಾಣಂತಿಗೆ ಏನು ಕೊಡ್ತೀರಿ? ಬೆಳ್ಳುಳ್ಳಿ, ಮೆಣಸು, ಶುಂಠಿ, ಅರಿಶಿನ ಹಾಕಿ ಖಾರ ಮಾಡಿ ಕೊಡ್ತೀರಿ. ಜೀರ್ಣ ಆಗಲಿ, ನಂಜು ಆಗದಿರಲಿ, ಮೈ ಗಟ್ಟಿಯಾಗಲಿ ಅಂತ. ಆದರೆ ಅನ್ನ ಕೊಡದೆ ಬರೀ ಖಾರ ಕೊಟ್ಟು, ಚರಂಡಿ ಪಕ್ಕದಲ್ಲಿ ಚಾಪೆ ಹಾಸಿ ಮಲಗಿಸಿದರೆ ಬಾಣಂತಿ ಉಳಿದಾಳಾ? ಮೀನಿನದೂ ಅದೇ. ನೀರು ಅದರ ಮನೆ, ಹಿಂಡಿ ತೌಡು ಅದರ ಅನ್ನ. ಗಿಡಮೂಲಿಕೆ ಆ ಖಾರ ಇದ್ದ ಹಾಗೆ.

ಈ ವಿದ್ಯೆಗೆ ಇಷ್ಟು ಬೇಡಿಕೆ ಯಾಕೆ ಬಂತು ಗೊತ್ತಾ? ಕೋಳಿ, ಹಂದಿ, ಮೀನು ಬೇಗ ಬೆಳೆಯಲಿ ಅಂತ ಮೇವಿನಲ್ಲೇ ಆ್ಯಂಟಿಬಯೋಟಿಕ್ ಬೆರೆಸುವ ಅಭ್ಯಾಸ ಹೊರದೇಶಗಳಲ್ಲಿ ಬೆಳೆಯಿತು. ದಿನಾ ಸ್ವಲ್ಪ ಸ್ವಲ್ಪ ಔಷಧಿ ಸಿಕ್ಕರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ನಾಳೆ ಮಗುವಿಗೆ ಜ್ವರ ಬಂದಾಗ ಅದೇ ಔಷಧಿ ಕೆಲಸ ಮಾಡುವುದಿಲ್ಲ. ಹಾಗಾಗಿ ಯುರೋಪಿನ ಒಕ್ಕೂಟದ ದೇಶಗಳು ಬೆಳವಣಿಗೆಗೆ ಅಂತ ಮೇವಿಗೆ ಆ್ಯಂಟಿಬಯೋಟಿಕ್ ಹಾಕುವುದನ್ನು 2006ರ ಜನವರಿಯಿಂದ ಪೂರ್ತಿ ನಿಲ್ಲಿಸಿದವು. ನಮ್ಮ ದೇಶದಲ್ಲೂ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್‌ನಂಥ ಔಷಧಿಗಳನ್ನು ಮೀನಿಗೆ ಬಳಸುವಂತಿಲ್ಲ. ಅದರ ಬದಲಿಗೆ ಏನು ಅಂತ ಹುಡುಕಿದಾಗ ವಿಜ್ಞಾನಿಗಳ ಕಣ್ಣು ಅಡುಗೆಮನೆಯ ಡಬ್ಬಿಗಳ ಮೇಲೆ ಬಿತ್ತು.

ನಮ್ಮ ಕರ್ನಾಟಕದಲ್ಲಿ ಇದು ಅದಕ್ಕೂ ಮೊದಲೇ ಶುರುವಾಗಿತ್ತು. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. ಆಗ ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. 1993ರ ಹೊತ್ತಿಗೇ ಆ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಲಿವೋಲ್ ಎಂಬ ಗಿಡಮೂಲಿಕೆ ಪುಡಿಯನ್ನು ರೋಹು, ಸಾಮಾನ್ಯ ಗೆಂಡೆಯ ಮೇವಿಗೆ ಬೆರೆಸಿ ತೂಕ ಹಾಕಿ ನೋಡಿದ್ದರು.

ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಆಗಬಹುದು. ಗಿಡದಿಂದ ಸಾರ ತೆಗೆಯುವ ಕಾರ್ಖಾನೆಗಳು ನಿಮ್ಮ ಬಸ್ಸಿನ ದಾರಿಯಲ್ಲೇ ಇವೆ. ಪೀಣ್ಯದ ಸಾಮಿ ಲ್ಯಾಬ್ಸ್ ಅರಿಶಿನದ ಸಾರಕ್ಕೆ ಹೆಸರು ಮಾಡಿದ್ದು. ತುಮಕೂರು ರಸ್ತೆಯ ಮಾಕಳಿಯಲ್ಲಿ ಹಿಮಾಲಯ ಕಂಪನಿ 1975ರಿಂದ ಇದೆ. ಹೊಸೂರು ರಸ್ತೆಯ ವೀರಸಂದ್ರದಲ್ಲಿ ನ್ಯಾಚುರಲ್ ರೆಮಿಡೀಸ್ ಇದೆ, ಅಲ್ಲಿ ಪಶು, ಕೋಳಿಗಳಿಗೆ ಅಂತಲೇ ಗಿಡಮೂಲಿಕೆ ಔಷಧಿ ತಯಾರಾಗುತ್ತದೆ. (ಸ್ಕೂಟರಿನಲ್ಲಿ ಬಂದ ಆ ಬಾಟಲಿಗೂ ಈ ಕಾರ್ಖಾನೆಗಳಿಗೂ ಯಾವ ಸಂಬಂಧವೂ ಇಲ್ಲ, ತಪ್ಪು ತಿಳಿಯಬೇಡಿ.) ಇಂಥ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಒಬ್ಬ ತಂಗಿ ನಮಗೆ ಹೇಳಿದ್ದು: ‘ಸಿಸ್ಟರ್, ಮೂಟೆ ಮೂಟೆ ಬೇರು ಒಳಗೆ ಹೋಗುತ್ತೆ, ಹೊರಗೆ ಬರೋದು ಒಂದು ಡ್ರಮ್ಮು.’ ಅದೇ ವ್ಯತ್ಯಾಸ. ಸಾರ ಅಂದರೆ ಗಿಡದಲ್ಲಿರುವ ಸತ್ವವನ್ನು ನೀರಿನಲ್ಲೋ ಸ್ಪಿರಿಟ್ಟಿನಲ್ಲೋ ಎಳೆದು, ಆರಿಸಿ, ಗಟ್ಟಿ ಮಾಡಿದ್ದು. ಮನೆಯಲ್ಲಿ ನಾವು ಮಾಡುವುದು ಪುಡಿ, ಅರೆದ ಮುದ್ದೆ, ಇಲ್ಲವೇ ಕಷಾಯ. ಒಂದು ಗ್ರಾಂ ಸಾರವೂ ಒಂದು ಗ್ರಾಂ ಪುಡಿಯೂ ಒಂದೇ ಅಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು.

ಈಗ ಪರೀಕ್ಷೆ ಮಾಡಿ ನೋಡಿದ ಕೆಲವು ವಿಷಯ. ಒಡಿಶಾದ ಭುವನೇಶ್ವರದ ಹತ್ತಿರ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆ ಇದೆ. ಅದರ ಪ್ರಾದೇಶಿಕ ಕೇಂದ್ರ ನಮ್ಮ ಹೆಸರಘಟ್ಟದಲ್ಲಿದೆ. ಭುವನೇಶ್ವರದವರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ರೋಹು ಮರಿಗಳಿಗೆ 60 ದಿನ ಬೆಳ್ಳುಳ್ಳಿ ಬೆರೆಸಿದ ಮೇವು ಕೊಟ್ಟರು. ಕಿಲೋ ಮೇವಿಗೆ ಒಂದು ಗುಂಪಿಗೆ 1 ಗ್ರಾಂ, ಇನ್ನೊಂದಕ್ಕೆ 5 ಗ್ರಾಂ, ಮತ್ತೊಂದಕ್ಕೆ 10 ಗ್ರಾಂ. ಒಂದು ಗುಂಪಿಗೆ ಏನೂ ಹಾಕಲಿಲ್ಲ. ಆಮೇಲೆ ಹುಣ್ಣು ತರುವ ಏರೋಮೊನಾಸ್ ಎಂಬ ರೋಗಾಣುವನ್ನು ಮೀನುಗಳಿಗೆ ಚುಚ್ಚಿದರು. ಬೆಳ್ಳುಳ್ಳಿ ತಿಂದವು ಹೆಚ್ಚು ಬದುಕಿದವು. ಅಲ್ಲೇ ಅರಿಶಿನವನ್ನೂ, ಮಾವಿನ ಓಟೆಯ ಒಳಗಿನ ತಿರುಳನ್ನೂ ಹೀಗೇ ನೋಡಿದ್ದಾರೆ. ಮಾವಿನ ಓಟೆ ನಾವು ತಿಪ್ಪೆಗೆ ಎಸೆಯುವ ವಸ್ತು! ದೆಹಲಿ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉತ್ತರಾಣಿ ಬೀಜವನ್ನು ಕಾಟ್ಲಾ, ರೋಹು ಮೇವಿಗೆ ಕಿಲೋಗೆ 5 ಗ್ರಾಂನಂತೆ ಬೆರೆಸಿ ನೋಡಿದರು. ಬದುವಿನಲ್ಲಿ ಸೀರೆಗೆ ಅಂಟಿಕೊಳ್ಳುತ್ತಲ್ಲ, ಅದೇ ಉತ್ತರಾಣಿ. ಅದನ್ನು ತಿಂದ ಮೀನಿನ ರೋಗ ತಡೆಯುವ ಶಕ್ತಿ ಹೆಚ್ಚಿತು.

ಇದು ಹೇಗೆ ಕೆಲಸ ಮಾಡುತ್ತದೆ? ಮೀನಿನ ರಕ್ತದಲ್ಲೂ ನಮ್ಮ ಹಾಗೆ ರೋಗಾಣುವನ್ನು ನುಂಗುವ ಕಣಗಳಿವೆ. ಬೆಳ್ಳುಳ್ಳಿಯಂಥವು ಆ ಕಣಗಳನ್ನು ಚುರುಕು ಮಾಡುತ್ತವೆ. ಕರುಳಿನಲ್ಲಿ ಕೆಟ್ಟ ರೋಗಾಣುಗಳನ್ನು ಸ್ವಲ್ಪ ತಗ್ಗಿಸುತ್ತವೆ, ಜೀರ್ಣರಸ ಹೆಚ್ಚಿಸುತ್ತವೆ. ವಾಸನೆಗೆ ಮೀನು ಮೇವಿನ ಹತ್ತಿರ ಬೇಗ ಬರುತ್ತದೆ ಅನ್ನುವುದೂ ಉಂಟು. ತಿಂದದ್ದು ಮೈಗೆ ಹತ್ತಿದರೆ ತೂಕ ಬರುತ್ತದೆ. ಒಂದು ಸಣ್ಣ ವಿಷಯ ಇಲ್ಲಿ ಹೇಳಬೇಕು: ರೋಹು, ಕಾಟ್ಲಾ, ಗೆಂಡೆ ಮೀನುಗಳಿಗೆ ನಮ್ಮ ಹಾಗೆ ಜಠರದ ಚೀಲವೇ ಇಲ್ಲ, ಉದ್ದನೆಯ ಕರುಳು ಮಾತ್ರ. ಆದ್ದರಿಂದ ಒಂದೇ ಸಲ ರಾಶಿ ಸುರಿದರೆ ಪ್ರಯೋಜನ ಇಲ್ಲ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಹಾಕಬೇಕು.

ಇಷ್ಟು ಕೇಳಿದ ಮೇಲೆ ಎಲ್ಲರಿಗೂ ಉತ್ಸಾಹ ಬರುತ್ತದೆ. ನಮಗೂ ಬಂದಿತ್ತು. ಆದರೆ ಆ ಪ್ರಯೋಗಗಳನ್ನು ಇನ್ನೊಮ್ಮೆ ನೋಡಿ. ಅವು ನಡೆದದ್ದು ತೊಟ್ಟಿಗಳಲ್ಲಿ, ಶುದ್ಧ ನೀರಿನಲ್ಲಿ, ಹೊಟ್ಟೆ ತುಂಬ ಒಳ್ಳೆಯ ಮೇವು ಕೊಟ್ಟು. ಅಲ್ಲಿ ಮೀನಿಗೆ ಇದ್ದ ಕಷ್ಟ ಒಂದೇ, ವಿಜ್ಞಾನಿ ಚುಚ್ಚಿದ ರೋಗಾಣು. ನಮ್ಮ ಕುಂಟೆಯಲ್ಲಿ ಬಚ್ಚಲ ನೀರು, ಉಸಿರುಗಟ್ಟುವ ಬೆಳಗು, ಬೂಸ್ಟು ಹಿಡಿದ ಹಿಂಡಿ ಎಲ್ಲ ಒಟ್ಟಿಗೆ ಬರುತ್ತವೆ.

ಗಿಡಮೂಲಿಕೆಯಿಂದ ಕೆಟ್ಟದ್ದೇನೂ ಆಗಲ್ಲ ಅಂತ ಅಂದಿದ್ದೆವಲ್ಲ, ಅದಕ್ಕೂ ಪಾಠ ಕಲಿತೆವು. 2021ರಲ್ಲಿ ನಮ್ಮ ತರಬೇತಿ ಕೇಂದ್ರದ ಹಿತ್ತಲಲ್ಲಿ ಎರಡು ಸಿಮೆಂಟ್ ತೊಟ್ಟಿ ಕಟ್ಟಿಸಿ ಗೆಂಡೆ ಮರಿ ಬಿಟ್ಟೆವು. ಮೀನಿನ ಮೈಮೇಲೆ ಹೇನು ಕಂಡಿತು. ಬೇವು ಒಳ್ಳೆಯದಲ್ವಾ ಅಂತ ಒಂದು ಬುಟ್ಟಿ ಬೇವಿನ ಸೊಪ್ಪು ಕುದಿಸಿ, ಆರಿಸಿ, ಒಂದು ತೊಟ್ಟಿಗೆ ಸುರಿದೆವು. ಮಾರನೆಯ ದಿನ ಹೇನೂ ಇಲ್ಲ, ಮೀನೂ ಇಲ್ಲ. ಅಡುಗೆಯ ಅಮ್ಮ ಒಂದೇ ಮಾತು ಹೇಳಿದರು: ‘ಹುಳ ಸಾಯ್ಸೋ ಸೊಪ್ಪು ಮೀನನ್ನ ಬಿಡುತ್ತಾ ಸಿಸ್ಟರಮ್ಮ?’ ಬೇವಿನ ಸತ್ವ ಅಳತೆ ಮೀರಿದರೆ ಮೀನಿಗೆ ವಿಷ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕೆಲವು ಕಾಯಿ ತೊಗಟೆ ಜಜ್ಜಿ ಹಳ್ಳದ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುತ್ತಿದ್ದರು. ಹೊಸದಾಗಿ ಮರಿ ಬಿಡುವ ಮೊದಲು ಕೊಳದಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲು ಮೀನುಗಾರಿಕೆ ಇಲಾಖೆಯವರೇ ಹಿಪ್ಪೆ ಹಿಂಡಿ ಹಾಕಲು ಹೇಳುತ್ತಾರೆ. ಒಂದು ಮೀಟರ್ ಆಳದ ನೀರಿಗೆ ಎಕರೆಗೆ ಸುಮಾರು 1,000 ಕಿಲೋ. ಎರಡು ಮೂರು ವಾರ ಆ ನೀರಿನಲ್ಲಿ ವಿಷ ಇರುತ್ತದೆ, ಆಮೇಲೆ ಅದೇ ಗೊಬ್ಬರವಾಗುತ್ತದೆ. ಹಿಪ್ಪೆಯೂ ಗಿಡಮೂಲಿಕೆಯೇ ಅಲ್ಲವೇ?

ಆದ್ದರಿಂದ ಯಾವ ಕಷಾಯವನ್ನೂ ನೇರ ನೀರಿಗೆ ಸುರಿಯಬೇಡಿ. ಮೇವಿನಲ್ಲಿ ಬೆರೆಸುವುದು ಬೇರೆ, ನೀರಿಗೆ ಹಾಕುವುದು ಬೇರೆ. ನುಗ್ಗೆಸೊಪ್ಪು ಪೌಷ್ಟಿಕ ಅಂತ ಹಿಂಡಿಯ ಬದಲು ಅದನ್ನೇ ಪೂರ್ತಿ ಹಾಕುವುದೂ ತಪ್ಪು. ಹಸಿ ಸೊಪ್ಪಿನಲ್ಲಿ ಒಗರು, ನೊರೆ ಬರುವ ಅಂಶ ಇರುತ್ತದೆ. ಹೆಚ್ಚಾದರೆ ಮೀನು ಬೆಳೆಯುವ ಬದಲು ಸೊರಗುತ್ತದೆ.

ಈಗ ಮಾಡುವ ಬಗೆ. ಮೊದಲು ಅನ್ನ, ಅಂದರೆ ಮೂಲ ಮೇವು. ಕಡಲೆಕಾಯಿ ಹಿಂಡಿ ಒಂದು ಪಾಲು, ಅಕ್ಕಿ ತೌಡು ಒಂದು ಪಾಲು. ಇದು ನಮ್ಮ ಕಡೆ ಮೊದಲಿಂದ ನಡೆದು ಬಂದದ್ದು. ಹಿಂಡಿಯನ್ನು ರಾತ್ರಿ ನೆನೆಸಿಡಿ. ಮಳೆಗಾಲದಲ್ಲಿ ಹಿಂಡಿ ಬೂಸ್ಟು ಹಿಡಿದಿದ್ದರೆ, ಎಷ್ಟೇ ದುಡ್ಡು ಕೊಟ್ಟಿದ್ದರೂ, ಎಸೆಯಿರಿ. ಆ ಬೂಸ್ಟಿನ ವಿಷ ಮೀನಿನ ಈಲಿ ಕೆಡಿಸುತ್ತದೆ, ಯಾವ ಅರಿಶಿನವೂ ಅದನ್ನು ತೊಳೆಯುವುದಿಲ್ಲ. ಸ್ವಲ್ಪ ರಾಗಿ ಹಿಟ್ಟಿನ ಗಂಜಿ ಕಾಯಿಸಿ ಅಂಟಿಗೆ ಸೇರಿಸಿ, ಆರಲು ಬಿಡಿ. ಆರಿದ ಮೇಲೆ ಬೆಳ್ಳುಳ್ಳಿ.

ಬೆಳ್ಳುಳ್ಳಿಯ ಗುಟ್ಟು ಎಲ್ಲ ಜಜ್ಜುವುದರಲ್ಲಿದೆ. ಇಡೀ ಎಸಳಿನಲ್ಲಿ ಆ ಖಾರದ ಸತ್ವ ಇರುವುದೇ ಇಲ್ಲ, ಜಜ್ಜಿದಾಗ ಹುಟ್ಟುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಬೆರೆಸಿ. ಬಿಸಿ ಗಂಜಿಗೆ ಹಾಕಿದರೆ ಸತ್ವ ಸತ್ತು ವಾಸನೆ ಮಾತ್ರ ಉಳಿಯುತ್ತದೆ. ಪ್ರಯೋಗದಲ್ಲಿ ಹೇಳಿದ 5 ಗ್ರಾಂ ಒಣ ಲೆಕ್ಕಕ್ಕೆ ಹಸಿ ಬೆಳ್ಳುಳ್ಳಿ ಸುಮಾರು 15 ಗ್ರಾಂ ಬೇಕು, ಯಾಕೆಂದರೆ ಹಸಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ನೀರು. ಅರಿಶಿನ ಹಾಕುವುದಾದರೆ ಕಿಲೋಗೆ ಅರ್ಧ ಚಮಚಕ್ಕಿಂತ ಹೆಚ್ಚು ಬೇಡ. ಒಂದು ಚಮಚ ಎಣ್ಣೆಯಲ್ಲಿ ಕಲಸಿ ಹಾಕಿ, ಅರಿಶಿನದ ಸತ್ವ ನೀರಿನಲ್ಲಿ ಕರಗುವುದಿಲ್ಲ. ಉಂಡೆ ಮಾಡಿ ಬುಟ್ಟಿಯಲ್ಲೋ ತಟ್ಟೆಯಲ್ಲೋ ಇಟ್ಟು ನೀರಿಗೆ ಇಳಿಸಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ನಾಳೆ ಕಡಿಮೆ ಹಾಕಿ. ನೀರಿನಲ್ಲಿ ಕೊಳೆತ ಮೇವೇ ಮುಂದೆ ರೋಗ.

ಎಷ್ಟು ಮೇವು? 100 ಮೀನು, ಒಂದೊಂದು 50 ಗ್ರಾಂ ಅಂದರೆ ಒಟ್ಟು 5 ಕಿಲೋ ಮೀನು. ದಿನಕ್ಕೆ ನೂರಕ್ಕೆ ಮೂರರಂತೆ 150 ಗ್ರಾಂ ಮೇವು, ತಿಂಗಳಿಗೆ ನಾಲ್ಕೂವರೆ ಕಿಲೋ. ಅದಕ್ಕೆ ಬೇಕಾದ ಬೆಳ್ಳುಳ್ಳಿ ಎರಡು ಗಡ್ಡೆ. ತೊಟ್ಟಿಯವರಿಗೆ ಇದು ಲೆಕ್ಕವೇ ಅಲ್ಲ. ಕುಂಟೆಯವರ ಲೆಕ್ಕ ಬೇರೆ. 1,500 ಮೀನು, ತಲಾ 100 ಗ್ರಾಂ ಅಂದರೆ ದಿನಕ್ಕೆ ನಾಲ್ಕೂವರೆ ಕಿಲೋ ಮೇವು, ತಿಂಗಳಿಗೆ ಎರಡು ಕಿಲೋ ಬೆಳ್ಳುಳ್ಳಿ. 2024ರಲ್ಲಿ ಬೆಳ್ಳುಳ್ಳಿ ಕಿಲೋ 400 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಸಾರಿಗೇ ಎಣಿಸಿ ಹಾಕುತ್ತಿದ್ದೆವು! ಹಾಗಾಗಿ ವರ್ಷವಿಡೀ ಹಾಕುವುದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಮರಿ ಬಿಟ್ಟ ಮೊದಲ ಕೆಲವು ವಾರ, ಮತ್ತೆ ಚಳಿ ಬರುವ ಮುಂಚೆ ಒಂದೂವರೆ ಎರಡು ತಿಂಗಳು ಹಾಕಿ. ಎಡೆಬಿಡದೆ ಕೊಟ್ಟರೆ ಮೈ ಅದಕ್ಕೆ ಒಗ್ಗಿ ಪ್ರಯೋಜನ ಕಡಿಮೆಯಾಗಲೂಬಹುದು.

ಬೇವಿನ ಕಥೆಯ ನಂತರ ನಾವು ಮತ್ತೆ ಮರಿ ತಂದು, ಈ ಸಲ ಅಳತೆ ಮಾಡಿದೆವು. ಒಂದು ತೊಟ್ಟಿಗೆ ಬೆಳ್ಳುಳ್ಳಿ ಮೇವು, ಇನ್ನೊಂದಕ್ಕೆ ಬರೀ ಮೇವು. ಒಂದೇ ದಿನದ ಮರಿ, ಒಂದೇ ಲೆಕ್ಕ, ಒಂದೇ ನೀರು. ಹದಿನೈದು ದಿನಕ್ಕೊಮ್ಮೆ ಹತ್ತು ಮೀನು ಹಿಡಿದು ಒದ್ದೆ ಬಟ್ಟೆಯಲ್ಲಿ ತೂಗಿ ಪುಸ್ತಕದಲ್ಲಿ ಬರೆದೆವು. ಎರಡು ತಿಂಗಳಿಗೆ ಬೆಳ್ಳುಳ್ಳಿ ತೊಟ್ಟಿಯ ಮೀನು ಸರಾಸರಿ ನಾಲ್ಕೈದು ಗ್ರಾಂ ಹೆಚ್ಚು ತೂಗಿತು. ಚಪ್ಪಾಳೆ ತಟ್ಟಬೇಡಿ! ಆ ತೊಟ್ಟಿಯ ಮೇಲೆ ಹಲಸಿನ ಮರದ ನೆರಳು ಇರಲಿಲ್ಲ, ಇನ್ನೊಂದರ ಮೇಲೆ ಇತ್ತು. ಹೆಚ್ಚು ಬೆಳೆದದ್ದು ಬೆಳ್ಳುಳ್ಳಿಗೋ ಬಿಸಿಲಿಗೋ ನಮಗೆ ಗೊತ್ತಾಗಲಿಲ್ಲ. ತೊಟ್ಟಿ ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿದಾಗ ವ್ಯತ್ಯಾಸ ಇನ್ನೂ ಸಣ್ಣದಾಯಿತು. ಆದರೆ ಎರಡು ಸಲವೂ ಒಂದು ವಿಷಯ ಸ್ಪಷ್ಟವಾಗಿತ್ತು: ತೊಟ್ಟಿಯ ತಳದ ಕೊಳೆ ವಾರಕ್ಕೊಮ್ಮೆ ತೆಗೆದ ತಿಂಗಳಲ್ಲಿ ಎರಡೂ ಕಡೆ ಮೀನು ಚೆನ್ನಾಗಿ ಬೆಳೆದವು. ತೆಗೆಯದ ತಿಂಗಳಲ್ಲಿ ಎರಡೂ ಕಡೆ ಸೊರಗಿದವು.

ಅದಕ್ಕೇ ನೀರಿನ ಮಾತು. ನಮ್ಮ ಈ ಭಾಗದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಮಾತು. ಮೀನಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಸುಖ. ಮೂರಕ್ಕಿಂತ ಇಳಿದರೆ ಕಷ್ಟ. ಚರಂಡಿ ನೀರು ಸೇರಿದರೆ ಅದು ಕೊಳೆಯುವಾಗ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ. ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಅತಿ ಕಡಿಮೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಬೆಳ್ಳಂದೂರು, ವರ್ತೂರು ಕೆರೆಯ ನೊರೆ ವೈಟ್‌ಫೀಲ್ಡ್‌ನವರಿಗೆ ನಾವು ಹೇಳಬೇಕಾಗಿಲ್ಲ, ರಸ್ತೆಗೇ ಹಾರಿ ಬರುತ್ತಿತ್ತು. ಪೀಣ್ಯದ ಸುತ್ತ ಇನ್ನೊಂದು ಅಪಾಯ ಇದೆ. ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳ ಕ್ರೋಮಿಯಂ ಅಲ್ಲಿನ ನೆಲದ ನೀರಿಗೆ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಬೋರ್‌ವೆಲ್ ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಆ ನೀರು ತೊಟ್ಟಿಗೆ ಬಿಡುವ ಮೊದಲು ಪರೀಕ್ಷೆ ಮಾಡಿಸಲೇಬೇಕು. ಇಂಥ ಲೋಹ ಮೀನಿನ ಮೈಗೆ ಸೇರಿದರೆ ಅರಿಶಿನ ಹಾಕಿದರೂ ಹೋಗುವುದಿಲ್ಲ, ಹುಳಿ ಹಾಕಿ ಸಾರು ಮಾಡಿದರೂ ಹೋಗುವುದಿಲ್ಲ. ಆ ಮೀನು ತಿನ್ನುವುದು ನಮ್ಮ ಮಕ್ಕಳು, ಇಲ್ಲವೇ ನಮ್ಮಂಥವರ ಮಕ್ಕಳು.

ಕೆಂಪು ಹುಣ್ಣಿನ ರೋಗದ ಬಗ್ಗೆಯೂ ಹೇಳಬೇಕು, ಕೇಳಿದವರಿದ್ದೀರಿ. 1988ರಲ್ಲಿ ಅದು ನಮ್ಮ ದೇಶದ ಈಶಾನ್ಯ ರಾಜ್ಯಗಳಿಗೆ ಬಂತು, ಆಮೇಲೆ ಬೇರೆ ಕಡೆಗೂ ಹರಡಿತು. ನೀರಿನಲ್ಲಿರುವ ಒಂದು ಬಗೆಯ ಬೂಸ್ಟಿನಿಂದ ಬರುತ್ತದೆ, ಚಳಿಗಾಲದಲ್ಲಿ ಹೆಚ್ಚು. ಆ ಕಡೆಯ ರೈತರು ಸುಣ್ಣದ ಜೊತೆ ಅರಿಶಿನ ಸೇರಿಸಿ ಕೊಳಕ್ಕೆ ಹಾಕುತ್ತಾರೆ. ಭುವನೇಶ್ವರದ ಸಂಸ್ಥೆ ಸಿಫಾಕ್ಸ್ ಎಂಬ ಔಷಧಿ ಮಾಡಿ ಕೊಟ್ಟಿತು. ಸುಣ್ಣದ ಪಾತ್ರ ದೊಡ್ಡದು ಅಂತ ನಮಗನಿಸುತ್ತದೆ, ಅರಿಶಿನ ಜೊತೆಗಾರ. ಮೀನಿನ ಮೈಮೇಲೆ ಚುಕ್ಕೆ ಕಂಡ ದಿನ ಬಾಟಲಿ ಹುಡುಕಬೇಡಿ. ಒಂದು ಮೀನನ್ನು ನೀರು ಸಮೇತ ತಾಲ್ಲೂಕು ಮೀನುಗಾರಿಕೆ ಕಚೇರಿಗೆ, ಇಲ್ಲವೇ ಹೆಸರಘಟ್ಟಕ್ಕೆ ಒಯ್ಯಿರಿ. ಮೇವಿಗೆ ಹಾಕುವ ಬೆಳ್ಳುಳ್ಳಿ ರೋಗ ಬರುವ ಮುಂಚಿನದು. ಬಂದ ಮೇಲೆ ಮೀನು ಮೇವನ್ನೇ ಮುಟ್ಟುವುದಿಲ್ಲ, ಆಗ ಮೇವಿನಲ್ಲಿ ಏನಿದ್ದರೇನು?

ಹಾಗಂತ ಬಾಟಲಿ, ಪುಡಿ ಎಲ್ಲ ಮೋಸ ಅಂತ ನಾವು ಹೇಳುವುದಿಲ್ಲ. ತಗೊಳ್ಳುವುದಾದರೆ ಕೇಳಿ ತಗೊಳ್ಳಿ. ಯಾವ ಗಿಡ, ಎಷ್ಟು ಪ್ರಮಾಣ, ಕಿಲೋ ಮೇವಿಗೆ ಎಷ್ಟು ಗ್ರಾಂ, ತಯಾರಿಸಿದ ದಿನ ಯಾವುದು, ಯಾವ ಮೀನಿನ ಮೇಲೆ ನೋಡಿದ್ದೀರಿ? ರಸೀದಿ ಕೊಡ್ತೀರಾ? ಇದಕ್ಕೆ ಉತ್ತರ ಬರೆದು ಕೊಡದವರಿಗೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ. ‘ಸಾಲದಲ್ಲೇ ಹಿಡಿದುಕೊಳ್ಳಿ’ ಅನ್ನುವವರಿಗೆ ಕಾಫಿಯೂ ಬೇಡ.

ಇನ್ನು ಕೆಲವರು ಆಫ್ರಿಕನ್ ಕ್ಯಾಟ್‌ಫಿಶ್ ಹಾಕಿ, ಬೇಗ ಬೆಳೆಯುತ್ತೆ, ಕೋಳಿ ಅಂಗಡಿ ಕಸ ಹಾಕಿದರೂ ಸಾಕು ಅಂತ ಹೇಳಿಕೊಡುತ್ತಾರೆ. ಆ ಮೀನು ಸಾಕುವುದು ನಿಷೇಧ, ಹಿಡಿದರೆ ತೊಟ್ಟಿ ಒಡೆಸುತ್ತಾರೆ. ಅದಕ್ಕೆ ನಮ್ಮ ಶಿಫಾರಸು ಇಲ್ಲ. ರೋಹು, ಕಾಟ್ಲಾ ಸಾಕಿ, ಇಲ್ಲವೇ ಹಂಗೇರಿಯಿಂದ ಬಂದು ನಮ್ಮ ರಾಜ್ಯದಲ್ಲಿ ಚೆನ್ನಾಗಿ ಒಗ್ಗಿದ ಅಮೂರ್ ಗೆಂಡೆ ಸಾಕಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಘಟಕದ ವೆಚ್ಚದ ಶೇ. 60ರವರೆಗೆ ಸಹಾಯಧನ ಇಟ್ಟಿದ್ದರು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ತಾಲ್ಲೂಕು ಕಚೇರಿಯಲ್ಲೇ ಹೋಗಿ ಕೇಳಿ, ದಲ್ಲಾಳಿಯ ಕೈಗೆ ಕಾಗದ ಕೊಡಬೇಡಿ.

ಈ ಸಲದಿಂದ ನಮ್ಮ ಕಡೆಯಿಂದ ಒಂದು ಬದಲಾವಣೆ. ಮೀನಿನ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ನಮ್ಮ ಕಾರ್ಯಕರ್ತೆ ಮತ್ತು ನಿಮ್ಮ ಸಂಘದ ಇಬ್ಬರು ಸೇರಿ ಕುಂಟೆಯ ಸುತ್ತ, ಪೊದೆಯ ಹಿಂದೆಯೂ, ಪೂರ್ತಿ ನಡೆದು ಬರಬೇಕು. ನೀರಿನ ಪರೀಕ್ಷೆಯ ಚೀಟಿ ಅರ್ಜಿಗೆ ಲಗತ್ತಿಸಬೇಕು. ‘ಗಿಡಮೂಲಿಕೆ ಔಷಧಿ’ ಎಂದು ಬರೆದಿರುವ ಮೊತ್ತವನ್ನು ಸದ್ಯಕ್ಕೆ ತೆಗೆದು, ಅದೇ ಹಣದಲ್ಲಿ ನೀರಿನ ಪರೀಕ್ಷೆ, ಸುಣ್ಣ, ಒಂದು ಬಲೆ ಎಂದು ತಿದ್ದಿ ತನ್ನಿ. ಮೀನು ತೂಗುವ ತಕ್ಕಡಿ ನಮ್ಮ ಕಚೇರಿಯಲ್ಲಿದೆ. ಬೇಕಾದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು, ಹದಿನೈದು ದಿನಕ್ಕೆ ವಾಪಸ್ ತಂದರೆ ಸಾಕು. ಎರಡು ತೊಟ್ಟಿ ಇರುವ ಸಂಘದವರು ಬೆಳ್ಳುಳ್ಳಿಯದ್ದೋ, ಮಾವಿನ ಓಟೆಯದ್ದೋ, ಉತ್ತರಾಣಿಯದ್ದೋ ಒಂದನ್ನು ನೋಡಿ ತೂಕ ಬರೆದು ತಂದರೆ ಮುಂದಿನ ಸಭೆಯಲ್ಲಿ ಮಾತಾಡುವುದು ನೀವೇ, ನಾವು ಕೂತು ಕೇಳುತ್ತೇವೆ. ತೊಟ್ಟಿ ಎರಡಕ್ಕೂ ಒಂದೇ ಸಮ ಬಿಸಿಲು ಬೀಳುತ್ತಾ ಅಂತ ಮೊದಲು ನೋಡಿಕೊಳ್ಳಿ.

ಟೀ ಬರುವ ಹೊತ್ತಾಯಿತು. ಅಷ್ಟರಲ್ಲಿ ಪ್ರಶ್ನೆ ಇದ್ದವರು ಕೇಳಿ. ಹಿಂದಿನ ಸಾಲಿನ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.